ಚೂರುಬಟ್ಟೆಯ ಪಾಠ

ಆ ದಿನ ಬೆಳಿಗ್ಗೆ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ, ಬರೀ ಗಾಳಿ. ಬೀದಿಯ ಕಸಕಡ್ಡಿಯನ್ನೆಲ್ಲ ಗುಡಿಸಿ ಒಂದು ಮೂಲೆಗೆ ಸೇರಿಸುವುದು, ಮತ್ತೆ ಅಲ್ಲಿಂದ ಎತ್ತಿ ಇನ್ನೊಂದು ಮೂಲೆಗೆ ಎಸೆಯುವುದು. ಮಾಡಲು ಬೇರೆ ಕೆಲಸವಿಲ್ಲದವರ ಹಾಗೆ ಓಡಾಡುತ್ತಿತ್ತು. ಹೊಲಿಗೆಯಕ್ಕ ಊಟದ ಡಬ್ಬಿಯನ್ನು ಎದೆಗೊತ್ತಿಕೊಂಡು, ಕಣ್ಣಿಗೆ ದೂಳು ಬೀಳದಂತೆ ತಲೆ ತಗ್ಗಿಸಿ, ತಂಗಿಯ ಮನೆಯತ್ತ ನಡೆಯುತ್ತಿದ್ದಳು. ತಂಗಿಯ ಮನೆ ಎಂದೇ ಇನ್ನೂ ಬಾಯಿಗೆ ಬರುತ್ತಿತ್ತು. ಜ್ವರವೆಂದು ಮಲಗಿದ ತಂಗಿ ಮತ್ತೆ ಏಳದೆ ಹೋಗಿ ತಿಂಗಳು ಕಳೆದಿತ್ತು.

ಪರದೆ, ದಿಂಬಿನ ಚೀಲ, ಮೇಜಿನ ಬಟ್ಟೆ, ಶಾಲೆಯ ಸಮವಸ್ತ್ರ, ಹೀಗೆ ಯಾರು ಏನು ತಂದುಕೊಟ್ಟರೂ ಹೊಲಿದುಕೊಡುತ್ತಿದ್ದುದರಿಂದ ಬೀದಿಗೆಲ್ಲ ಅವಳು ಹೊಲಿಗೆಯಕ್ಕ. ಆದರೆ ಅದಕ್ಕಿಂತ ಬಹಳ ಮೊದಲೇ ಅವಳು ಒಬ್ಬಳಿಗೆ ಅಕ್ಕನಾಗಿದ್ದಳು. ತಾಯಿ ಬೇಗ ಕಣ್ಮುಚ್ಚಿದಾಗ ಕೈಗೂಸಾಗಿದ್ದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಮುಂದೆ ತನಗೆ ಮಕ್ಕಳಾಗಲಿಲ್ಲವೆಂದು ಜನ ಅಯ್ಯೋ ಅಂದಾಗ, "ಒಂದನ್ನ ಆಗಲೇ ದೊಡ್ಡದು ಮಾಡಿದೀನಲ್ಲ" ಎಂದು ನಗುತ್ತಿದ್ದಳು. ದೇವರು ಕೊಟ್ಟದ್ದಕ್ಕೆ ಕೈಮುಗಿಯುವುದನ್ನು ಬಲ್ಲ ಹೆಂಗಸು. ಕಸಿದುಕೊಂಡಾಗ ಏನು ಮಾಡಬೇಕೆಂಬುದು ಮಾತ್ರ ಅವಳಿಗೆ ಇನ್ನೂ ಹೊಳೆದಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಒಳಗೆ ತಂಗಿಯ ಗಂಡ ಕೈಯಲ್ಲಿ ಚಪ್ಪಲಿ ಹಿಡಿದು ನಿಂತಿದ್ದ. ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಯಲ್ಲಿ ಬೀಗ ರಿಪೇರಿ ಮಾಡಿ, ಕೀಲಿ ಕೊರೆದು ಬದುಕುವವನು. ಸೊಂಟದಲ್ಲಿ ಸದಾ ಮಾದರಿ ಕೀಲಿಗಳ ದೊಡ್ಡ ಗೊಂಚಲು. ಕಪಾಟು ಮತ್ತು ಗೋಡೆಯ ಸಂದಿಯಲ್ಲಿ ಅವರ ಪುಟ್ಟ ನಾಯಿ ನುಸುಳಿಕೊಂಡಿತ್ತು. ಅದರ ಮೂಗು ಕೋಟಿನ ಕಪ್ಪು ಗುಂಡಿಯ ಹಾಗಿದೆಯೆಂದು ತಂಗಿ ಅದಕ್ಕೆ ಗುಂಡಿ ಎಂದೇ ಹೆಸರಿಟ್ಟಿದ್ದಳು. ಆ ಗುಂಡಿಯೊಂದೇ ಈಗ ಸಂದಿಯಿಂದ ಕಾಣುತ್ತಿತ್ತು, ನಡುಗುತ್ತಿತ್ತು.

ಚಪ್ಪಲಿ ಇನ್ನೊಮ್ಮೆ ಮೇಲೇರಿತು. ಅಕ್ಕ ಡಬ್ಬಿಯನ್ನು ನೆಲಕ್ಕಿಟ್ಟು ಅವನ ಮಣಿಕಟ್ಟನ್ನು ಹಿಡಿದಳು.

"ಬಾಯಿಲ್ಲದ ಪ್ರಾಣಿ. ಇದರ ಮೇಲೆ ಕೈಯೆತ್ತೋಕೆ ನಿಂಗೆ ಮನಸ್ಸಾದ್ರೂ ಹೇಗೆ ಬಂತು?"

"ಅಕ್ಕಾ, ಅದು..."

"ಅಕ್ಕಾ ಗಿಕ್ಕಾ ಅನ್ಬೇಡ ನನ್ನ. ಮಗು ಥರ ಸಾಕಿದ್ಲು ಅವಳು ಇದನ್ನ. ಕಟುಕ ಕಣೋ ನೀನು. ಇವತ್ತಿಂದ ಇದು ನನ್ನ ಮನೇಲಿರುತ್ತೆ. ನಿನ್ನ ನೆರಳೂ ಇದರ ಮೇಲೆ ಬೀಳಬಾರದು."

ಅವನು ಚಪ್ಪಲಿಯನ್ನು ಕೆಳಗೆ ಬಿಟ್ಟ. ಯಾಕೆ ಹೊಡೆದೆ ಎಂದು ಅವಳು ಕೇಳಲಿಲ್ಲ. ಗುಂಡಿಯನ್ನು ಎತ್ತಿ ಮಡಿಲಲ್ಲಿ ಮುಚ್ಚಿಕೊಂಡು ಹೊರಬಿದ್ದಳು. ದಾರಿಯುದ್ದಕ್ಕೂ ಆ ಪುಟ್ಟ ಎದೆ ಅವಳ ತೋಳಿನ ಮೇಲೆ ಡವಡವ ಹೊಡೆದುಕೊಳ್ಳುತ್ತಿತ್ತು. ಮನೆ ತಲುಪುವಷ್ಟರಲ್ಲಿ ಅವಳ ಉಡುಪಿನ ಮುಂಭಾಗ ಒದ್ದೆಯಾಗಿತ್ತು.

ಅಕ್ಕನ ಗಂಡ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ರೆಪ್ಪೆಗೂದಲಿನ ತನಕ ಹಿಟ್ಟು ಬಳಿದುಕೊಂಡು ಸಂಜೆ ಮನೆಗೆ ಬಂದವನು ಹೊಲಿಗೆ ಮಿಷನ್ನಿನ ಕೆಳಗೆ ಹರಿಯುತ್ತಿದ್ದ ಸಣ್ಣ ಹೊಳೆಯನ್ನೂ, ಅದರಾಚೆಯ ಎರಡು ಕಣ್ಣುಗಳನ್ನೂ ನೋಡಿ ಬಾಗಿಲಲ್ಲೇ ನಿಂತ.

"ಇದಕ್ಕೆ ಗುಂಡಿ ಅಂತ ಹೆಸರಿಟ್ಟಿದ್ದು ಸಾಲದು ಕಣೇ. ಕೆರೆ ಅಂತ ಇಡ್ಬೇಕಿತ್ತು."

"ಮೆತ್ತಗೆ ಮಾತಾಡಿ. ನಿಮ್ಮ ಬಿಳೀ ಮುಖ ನೋಡಿದ್ರೆ ನಂಗೇ ಭಯ ಆಗುತ್ತೆ, ಅದಕ್ಕೆ ಆಗಲ್ವಾ?"

ಅವನು ಸದ್ದಿಲ್ಲದೆ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ಅಂಥವನು. ಮಾತೇನೋ ಒಂದೊಂದು ಸಲ ಉದ್ದ, ಮನಸ್ಸು ಮಾತ್ರ ಹಿಟ್ಟಿನ ಹಾಗೆ ಮೆತ್ತಗೆ.

ಮೊದಲ ದಿನಗಳಲ್ಲಿ ಗುಂಡಿ ಮಿಷನ್ನಿನ ಹಿಂದಿನ ಮೂಲೆ ಬಿಟ್ಟು ಕದಲಲಿಲ್ಲ. ಅಕ್ಕ ಅದನ್ನು ಎಳೆಯಲಿಲ್ಲ, ಕರೆಯಲಿಲ್ಲ. ಬಟ್ಟಲನ್ನು ಒಂದು ಮಾರು ದೂರದಲ್ಲಿಟ್ಟು, ಅದರತ್ತ ಮುಖ ಮಾಡದೆ, ಅಡ್ಡವಾಗಿ ಕೂತು ತನ್ನ ಪಾಡಿಗೆ ಕಾಜಾ ಹೊಲಿಯುತ್ತಿದ್ದಳು. ನೇರವಾಗಿ ನೋಡಿದರೆ ಅದು ಉಣ್ಣುವುದಿಲ್ಲವೆಂದು ಅವಳಿಗೆ ಬೇಗ ತಿಳಿಯಿತು. ತಲೆಯ ಮೇಲಿನಿಂದ ಕೈ ಚಾಚಿದರೆ ಕುಸಿದು ನೆಲಕ್ಕಂಟುತ್ತಿತ್ತು. ಅಂಗೈಯನ್ನು ಗಲ್ಲದ ಕೆಳಗೆ ತಂದು ಸುಮ್ಮನೆ ತೆರೆದಿಟ್ಟರೆ ಮೂಸುತ್ತಿತ್ತು. ಹಾಗಾಗಿ ಅವಳ ಕೈ ಯಾವಾಗಲೂ ಕೆಳಗಿನಿಂದಲೇ ಬರುವುದನ್ನು ಕಲಿಯಿತು.

ಗುಂಡಿ ನಿದ್ದೆಯಿಂದೆದ್ದೊಡನೆ, ಉಂಡೊಡನೆ ಅದನ್ನು ಹಿತ್ತಲಿನ ಹುಣಸೆಮರದ ಬುಡಕ್ಕೆ ಒಯ್ದು ಕಾಯುತ್ತಿದ್ದಳು. ಮರದ ಬುಡದಲ್ಲೇ ಆದರೆ "ಜಾಣೆ, ನನ್ನ ಜಾಣೆ" ಎಂದು ಕಿವಿಯ ಹತ್ತಿರ ಹೇಳಿ ಒಂದು ತುಣುಕು ತಿನಿಸುತ್ತಿದ್ದಳು. ಮನೆಯೊಳಗಾದರೆ ಬೈಗುಳವೂ ಇಲ್ಲ, ಕಣ್ಣು ಕೆಂಪಗೆ ಮಾಡುವುದೂ ಇಲ್ಲ. ಬಿಸಿನೀರಿನಲ್ಲಿ ವಾಸನೆ ಹೋಗುವ ತನಕ ಉಜ್ಜಿ, ಮುಂದಿನ ಸಲ ತಾನೇ ಸ್ವಲ್ಪ ಬೇಗ ಏಳುತ್ತಿದ್ದಳು. ಸೂಜಿ, ಗುಂಡುಪಿನ್ನು ನುಂಗಿಬಿಟ್ಟೀತೆಂದು ನೆಲದ ಮೇಲಿನ ಚೂರುಬಟ್ಟೆಯನ್ನೆಲ್ಲ ಆಗಿಂದಾಗ ಬಾಚಿ ಗೋಣಿಚೀಲಕ್ಕೆ ತುಂಬುತ್ತಿದ್ದಳು. ನೆಲ ಇಷ್ಟು ಸ್ವಚ್ಛವಾಗಿ ತಾನೆಂದೂ ನೋಡಿರಲಿಲ್ಲವೆಂದು ಗಂಡ ಅಂದ.

"ಮೂವತ್ತು ವರ್ಷ ನಾನು ಹೇಳಿದ್ರೂ ಗುಡಿಸ್ತಿರಲಿಲ್ಲ. ನಾಯಿ ಬಂದ್ ಮೇಲೆ ಮನೆ ಮನೆ ಥರ ಆಯ್ತು."

"ನೀವೂ ಅದರ ಹಾಗೆ ಸುಮ್ನಿದ್ದಿದ್ರೆ ಗುಡಿಸ್ತಿದ್ದೆ."

ಒಂದು ಮಧ್ಯಾಹ್ನ ಮಿಷನ್ನು ತುಳಿಯುತ್ತಿದ್ದಾಗ ಪಾದದ ಮೇಲೆ ಏನೋ ಬಿಸಿಯಾಗಿ ತಗುಲಿತು. ಬಗ್ಗಿ ನೋಡಿದರೆ ಗುಂಡಿ ತನ್ನ ಗಲ್ಲವನ್ನು ಅವಳ ಪಾದಕ್ಕಾನಿಸಿ ಕಣ್ಣುಮುಚ್ಚಿತ್ತು. ಅಕ್ಕ ತುಳಿಯುವುದನ್ನು ನಿಲ್ಲಿಸಿದಳು. ತಂಗಿ ಚಿಕ್ಕವಳಿದ್ದಾಗ ಇದೇ ಮಿಷನ್ನಿನ ಕೆಳಗೆ, ಇದೇ ಪಾದಕ್ಕೆ ತಲೆಕೊಟ್ಟು ಮಲಗುತ್ತಿದ್ದಳು. ಅರ್ಧ ಹೊಲಿದ ಪರದೆಯನ್ನು ಮುಖಕ್ಕೊತ್ತಿಕೊಂಡು ಅಕ್ಕ ಅತ್ತಳು. ಕಾಲನ್ನು ಮಾತ್ರ ಅಲುಗಿಸಲಿಲ್ಲ.

ಅಂದಿನಿಂದ ಅವಳ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಯಿತು. ಇದು ತನ್ನದು. ತಂಗಿ ತನಗಾಗಿ ಬಿಟ್ಟುಹೋದ ಬಿಸಿ ಉಸಿರು.

ಬೀಗದವನು ಸಂಜೆ ಅಂಗಡಿ ಮುಚ್ಚಿ ಹೋಗುವಾಗ ಗೇಟಿನ ಹೊರಗೆ ನಿಲ್ಲುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ಹಿಂದೆ ಆ ಕೀಲಿಗೊಂಚಲಿನ ಸದ್ದು ಬೀದಿಯ ತುದಿಯಲ್ಲಿ ಕೇಳಿದರೆ ಸಾಕು, ಗುಂಡಿ ಬಾಲವನ್ನಲ್ಲ, ಇಡೀ ಹಿಂಭಾಗವನ್ನೇ ಕುಣಿಸುತ್ತ ಬಾಗಿಲಿಗೆ ಓಡುತ್ತಿತ್ತಂತೆ. ತಂಗಿ ಹೇಳಿಹೇಳಿ ನಗುತ್ತಿದ್ದಳು. ಈಗ ಅದೇ ಸದ್ದಿಗೆ ನಿಂತಲ್ಲೇ ಒದ್ದೆ ಮಾಡಿಕೊಂಡು ಮಿಷನ್ನಿನ ಹಿಂದೆ ಸೇರುತ್ತಿತ್ತು. ಅಕ್ಕ ಅದನ್ನು ಒಳಕೋಣೆಗೆ ಹಾಕಿ ಹೊರಬಂದು ಗೇಟಿನ ಈಚೆಗೇ ನಿಲ್ಲುತ್ತಿದ್ದಳು.

"ಹೇಗಿದೆ ಅಕ್ಕಾ?"

"ಮಲಗಿದೆ."

"ಉಣ್ಣುತ್ತಾ?"

"ಉಣ್ಣುತ್ತೆ."

ಅಷ್ಟೇ. ಅವನ ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿಗಳು ಒಂದು ಮೇಲೆ ಒಂದು ಕೆಳಗೆ ಬಿದ್ದಿದ್ದವು. ಹೊಲಿಗೆಯವಳ ಕಣ್ಣಿಗೆ ಅದು ಕಾಣದೆ ಇರುತ್ತದೆಯೇ? ಕಂಡೂ ಕಾಣದಂತೆ ಒಳಗೆ ಬರುತ್ತಿದ್ದಳು.

ಒಂದು ಸಂಜೆ ಅವನು ಹೊರಟವನು ಮತ್ತೆ ತಿರುಗಿ ಬಂದ.

"ದೂರದೂರಲ್ಲಿ ಒಂದು ಬೀಗದ ಕಾರ್ಖಾನೆ ಇದೆಯಕ್ಕಾ. ಬಾ ಅಂದಿದಾರೆ. ಮುಂದಿನ ತಿಂಗಳು ಹೋಗ್ತೀನಿ. ಆ ಮನೇಲಿ... ಯಾವ ಬಾಗಿಲು ತೆಗೆದ್ರೂ ಅವಳೇ ಇದಾಳೆ ಅನ್ಸುತ್ತೆ."

"ಹೂಂ."

"ಗುಂಡಿನ ಒಂದ್ಸಲ ನೋಡ್ಬೋದಾ?"

"ನಿನ್ನ ಕಂಡ್ರೆ ಹೆದರಿ ಸಾಯುತ್ತೆ ಅದು. ಬೇಡ."

ಅವನು ತಲೆಯಾಡಿಸಿ ಹೋದ. ಅಡುಗೆಮನೆಯಲ್ಲಿ ಗಂಡ ಕೇಳಿದ, "ಸ್ವಲ್ಪ ಸ್ವಲ್ಪ ಹತ್ರ ಬಿಟ್ರೆ ಹೆದರಿಕೆ ಬಿಡುತ್ತೇನೋ ಅಲ್ವಾ? ನಿನ್ನ ಹತ್ರ ಬಿಡ್ಲಿಲ್ವಾ ಹಾಗೇ."

"ಬಿಟ್ಟ ಮೇಲೆ?"

ಬಿಟ್ಟ ಮೇಲೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಏನೂ ಮಾಡಬೇಕಿರಲಿಲ್ಲ. ಯಾರಿಗೂ ಕೆಟ್ಟದ್ದು ಬಗೆಯಬೇಕಿರಲಿಲ್ಲ, ಸುಳ್ಳು ಹೇಳಬೇಕಿರಲಿಲ್ಲ. ಒಂದು ತಿಂಗಳು ಸುಮ್ಮನಿದ್ದರೆ ಸಾಕು, ಗುಂಡಿ ಅವಳದೇ. ಅಂದು ಪ್ರಾರ್ಥನೆಗೆ ಕೂತಾಗ ತುಟಿಗೆ ಮಾತು ಬರಲಿಲ್ಲ. ಸುಮ್ಮನಿರುವುದೂ ಒಂದು ಕೆಲಸವೇ, ಅದಕ್ಕೂ ಲೆಕ್ಕ ಕೇಳುವವನೊಬ್ಬನಿದ್ದಾನೆ ಎಂಬುದು ಅವಳಿಗೆ ಗೊತ್ತಿರದ ಸಂಗತಿಯಲ್ಲ.

ಹೀಗಿರುವಾಗ ಒಂದು ದೊಡ್ಡ ಹೋಟೆಲಿನಿಂದ ಮೇಜಿನ ಬಟ್ಟೆಗಳನ್ನು ಹೊಲಿಯುವ ಕೆಲಸ ಬಂತು. ಹಾಲಿನಂಥ ಬಿಳೀ ಬಟ್ಟೆಯ ಇಡೀ ಥಾನು. ಮೇಜಿನ ಮೇಲೆ ಹಿಡಿಸದ ಅಗಲದ ಬಟ್ಟೆಯನ್ನು ನೆಲದ ಮೇಲೆ ಹರಡಿ ಕತ್ತರಿಸುವುದು ಅವಳ ವಾಡಿಕೆ. ಗುಂಡಿ ಬಂದ ಮೇಲೆ ನೆಲಕ್ಕೆ ಬಟ್ಟೆ ಹಾಸಿದ್ದು ಅದೇ ಮೊದಲು. ಸುಕ್ಕು ಬಿಡಿಸಿ, ಮಂಡಿಯೂರಿ, ಗೆರೆ ಎಳೆಯಲು ಸೀಮೆಸುಣ್ಣ ಹುಡುಕುತ್ತಿದ್ದಳು. ಅಷ್ಟರಲ್ಲಿ ಗುಂಡಿ ಮಿಷನ್ನಿನ ಕೆಳಗಿನಿಂದ ಎದ್ದು ಬಂತು. ಬಟ್ಟೆಯ ಅಂಚನ್ನು ಮೂಸಿತು. ನಿಧಾನವಾಗಿ ನಡುಮಧ್ಯಕ್ಕೆ ನಡೆದು, ಒಂದು ಸುತ್ತು ಸುತ್ತಿ, ಕೂತು, ಉಚ್ಚೆ ಹೊಯ್ದಿತು.

ಅಕ್ಕನಿಗೆ ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗುಂಡಿ ಹೆದರಿರಲಿಲ್ಲ. ಕಿವಿ ಹಿಂದಕ್ಕೆ ಮಡಿಸಿರಲಿಲ್ಲ, ಬಾಲ ಅಡಗಿಸಿರಲಿಲ್ಲ. ನೇರವಾಗಿ ಅವಳ ಹತ್ತಿರ ಬಂದು, ತಲೆಯೆತ್ತಿ, ಬಾಲವಾಡಿಸುತ್ತ ನಿಂತಿತು. ಜಾಣೆ ಅನ್ನಲಿ ಎಂದು ಕಾಯುತ್ತಿತ್ತು.

ಅಕ್ಕನಿಗೆ ಥಟ್ಟನೆ ಹಳೆಯ ಮಾತೊಂದು ನೆನಪಾಯಿತು.

ಗುಂಡಿ ಇನ್ನೂ ಅಂಗೈಯಗಲದ ಮರಿಯಾಗಿದ್ದಾಗ ತಂಗಿ ಬಂದು ಗೋಳಾಡಿದ್ದಳು. ಮನೆತುಂಬ ಉಚ್ಚೆ ಮಾಡುತ್ತೆ, ಏನ್ ಮಾಡ್ಲಿ ಅಕ್ಕಾ? ಅಕ್ಕ ಮಿಷನ್ನಿನಿಂದ ತಲೆಯೆತ್ತದೆ ಹೇಳಿದ್ದಳು: ಅದಕ್ಯಾಕೆ ಅಳ್ತೀಯ, ಚೂರುಬಟ್ಟೆ ಬೇಕಾದಷ್ಟಿದೆ, ಒಂದು ಚೀಲ ಒಯ್ದು ನೆಲಕ್ಕೆ ಹಾಸು, ಅದರ ಮೇಲೆ ಮಾಡಿದ್ರೆ ಮುದ್ದು ಮಾಡು, ತಾನಾಗೇ ಕಲಿಯುತ್ತೆ. ತಂಗಿ ಹಾಗೇ ಮಾಡಿದಳು. ಅಕ್ಕ ಹೇಳಿದ್ದನ್ನು ಅವಳು ಎಂದು ಮೀರಿದ್ದಳು? ಮರಿ ಕಲಿತೂ ಕಲಿತಿತು. ನೆಲದ ಮೇಲೆ ಬಟ್ಟೆ ಕಂಡರೆ ಅದೇ ಜಾಗ. ಬಟ್ಟೆಯೇ ಬದುಕಾದವಳಿಗಲ್ಲದೆ ಇಂಥ ಉಪಾಯ ಇನ್ನಾರಿಗೆ ಹೊಳೆದೀತು.

ಒದ್ದೆ ಥಾನನ್ನು ಹಾಗೇ ಬಿಟ್ಟು ಅವಳು ಬಸ್ ನಿಲ್ದಾಣದತ್ತ ಹೊರಟಳು.

ಬೀಗದವನು ಅರದಿಂದ ಒಂದು ಕೀಲಿ ಉಜ್ಜುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಅವತ್ತು ಯಾಕೆ ಹೊಡೆದೆ ಅದನ್ನ?"

ಅವನು ಅರವನ್ನು ಕೆಳಗಿಟ್ಟ. ಕೈಗಂಟಿದ ಹಿತ್ತಾಳೆಯ ಪುಡಿಯನ್ನು ಒರೆಸಿಕೊಂಡ.

"ಅವಳ ಶಾಲು ಇತ್ತಲ್ಲ ಅಕ್ಕಾ, ಜ್ವರ ಬಂದಾಗ ಹೊದ್ದಿದ್ದು. ತೊಳೀದೆ ಇಟ್ಕೊಂಡಿದ್ದೆ. ಅದರಲ್ಲಿ ಅವಳ ತಲೆಗೂದಲಿನ ವಾಸನೆ ಇನ್ನೂ ಇತ್ತು. ಮಂಚದ ಮೇಲೆ ನಿದ್ದೆ ಬರ್ತಿರ್ಲಿಲ್ಲ, ನೆಲದ ಮೇಲೆ ಅದನ್ನ ಹಾಸ್ಕೊಂಡು ಮಲಗ್ತಿದ್ದೆ. ಬೆಳಿಗ್ಗೆ ಮುಖ ತೊಳೆದು ಬರೋಷ್ಟರಲ್ಲಿ ಅದರ ಮೇಲೆ ಮಾಡಿಬಿಟ್ಟಿತ್ತು. ವಾಸನೆ ಹೋಯ್ತು. ಕಣ್ಣಿಗೆ ಕತ್ತಲೆ ಕವಿದ ಹಾಗಾಯ್ತು ಅಕ್ಕಾ. ಕೈಗೆ ಏನ್ ಸಿಕ್ತೋ..."

ಅಕ್ಕ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತಳು. ನಿಲ್ದಾಣದಲ್ಲಿ ಒಂದು ಬಸ್ಸು ಹೊರಟಿತು, ಅದರ ಗದ್ದಲ ಮುಗಿಯುವ ತನಕ ಕಾದಳು.

"ಬಟ್ಟೆ ಮೇಲೆ ಮಾಡೋದು ಅದಕ್ಕೆ ಕಲಿಸಿದ್ದು ನಾನು ಕಣಪ್ಪಾ. ಚೂರುಬಟ್ಟೆ ಕೊಟ್ಟು ಕಳಿಸಿದ್ದೆ ಅವಳ ಕೈಲಿ. ನೀನು ಅಂಗಡಿಲಿದ್ದಾಗ ಅದರ ಮೇಲೆ ಮಾಡಿದ್ರೆ ಅವಳು ಮುದ್ದು ಮಾಡ್ತಿದ್ಲು."

ಅವನಿಗೆ ಅರ್ಥವಾಗಲು ಸ್ವಲ್ಪ ಸಮಯ ಬೇಕಾಯಿತು. ಅರ್ಥವಾದದ್ದು ಮುಖದ ಮೇಲೆ ಕಾಣಿಸಿತು.

"ಅಂದ್ರೆ ಅದು ತಪ್ಪು ಮಾಡಿರ್ಲಿಲ್ಲ."

"ಇಲ್ಲ."

"ಅವಳು ಹೇಳ್ಕೊಟ್ಟಿದ್ದನ್ನೇ ಮಾಡಿತ್ತು. ಅದಕ್ಕೆ ಹೊಡೆದೆ ನಾನು."

ಅವನು ಅಂಗಡಿಯ ಹಲಗೆಗೆ ಹಣೆಯೊತ್ತಿ ಅತ್ತ. ತೂಗುಹಾಕಿದ ನೂರಾರು ಕೀಲಿಗಳು ಅವನ ಭುಜ ಕುಲುಕಿದಂತೆಲ್ಲ ಸಣ್ಣಗೆ ಕಿಣಿಕಿಣಿ ಅಂದವು. ಅಕ್ಕ ಅವನ ಬೆನ್ನಿನ ಮೇಲೆ ಕೈಯಿಟ್ಟಳು.

"ಅವತ್ತು ಕಟುಕ ಅಂದೆ. ಆ ಮಾತನ್ನ ಮರೆತುಬಿಡು."

"ಬಿಡಿ ಅಕ್ಕಾ."

"ನಾಳೆಯಿಂದ ಸಂಜೆ ಒಳಗೆ ಬಾ. ಈ ಕೀಲಿಗೊಂಚಲು ಅಂಗಡಿಲೇ ಇರ್ಲಿ."

ಹೀಗೆ ಎರಡು ಪಾಠಗಳು ಒಟ್ಟಿಗೆ ಶುರುವಾದವು. ಹಗಲಿನಲ್ಲಿ ಗುಂಡಿಗೆ: ಅಕ್ಕ ಒಂದು ದೊಡ್ಡ ಚೂರುಬಟ್ಟೆಯನ್ನು ಹಿತ್ತಲ ಬಾಗಿಲ ಹತ್ತಿರ ಹಾಸಿದಳು. ಅಲ್ಲಿ ಮಾಡಿದರೆ ಜಾಣೆ. ಆಮೇಲೆ ಅದನ್ನು ಹೊಸ್ತಿಲಿನಾಚೆಗೆ ಸರಿಸಿದಳು, ಆಮೇಲೆ ಮರದ ಬುಡಕ್ಕೆ. ಒಯ್ಯುವಾಗೆಲ್ಲ ಕತ್ತರಿ ತೆಗೆದು ಅಂಚಿನಿಂದ ಒಂದಿಷ್ಟು ಕತ್ತರಿಸಿ ತೆಗೆಯುತ್ತಿದ್ದಳು. ಚಾದರದಷ್ಟಿದ್ದದ್ದು ಟವೆಲಿನಷ್ಟಾಯಿತು, ಕರವಸ್ತ್ರದಷ್ಟಾಯಿತು, ಅಂಗೈಯಷ್ಟಾಯಿತು. ಕೊನೆಗೊಂದು ದಿನ ಬಟ್ಟೆಯೇ ಇರಲಿಲ್ಲ. ಮಣ್ಣು ಮಾತ್ರ ಇತ್ತು. ಗುಂಡಿ ಆ ಮಣ್ಣನ್ನು ಮೂಸಿ, ಸುತ್ತು ಹಾಕಿ, ಅಲ್ಲೇ ಕೂತಿತು. ಮನೆಯೊಳಗೆ ಬಟ್ಟೆ ಹಾಸಿ ನೋಡಿದಳು. ಅದು ಅಂಚಿನಲ್ಲಿ ನಿಂತು, ಅವಳ ಮುಖ ನೋಡಿ, ಹಿತ್ತಲ ಬಾಗಿಲಿಗೆ ಹೋಗಿ ಒಮ್ಮೆ ಕೆರೆಯಿತು.

"ಇಂಥಾ ಕತ್ತರಿ ನನ್ನ ನಾಲಿಗೆಗೂ ಸ್ವಲ್ಪ ಹಾಕಿದ್ರೆ ಆಗ್ತಿತ್ತು" ಎಂದ ಗಂಡ. ಅಕ್ಕ ನಗಲಿಲ್ಲ. ಜಾಣೆ ಅನ್ನುವಾಗ ಅವಳ ದನಿ ಒಡೆದಿದ್ದನ್ನು ಅವನು ಗಮನಿಸಿದ.

ಸಂಜೆ ಇನ್ನೊಂದು ಪಾಠ. ಬೀಗದವನು ಬಾಗಿಲ ಹತ್ತಿರ ನೆಲದ ಮೇಲೆ ಅಡ್ಡವಾಗಿ ಕೂರುತ್ತಿದ್ದ.

"ಅದನ್ನ ನೋಡ್ಬೇಡ. ಗೋಡೆ ನೋಡು."

"ಎಷ್ಟೊತ್ತು?"

"ನಿಂಗೇನು ಬಸ್ಸು ತಪ್ಪುತ್ತಾ? ಕೂತಿರು."

ಅವನು ಗೋಡೆ ನೋಡುತ್ತಿದ್ದ. ಗುಂಡಿ ಮಿಷನ್ನಿನ ಹಿಂದಿನಿಂದ ಅವನನ್ನು ನೋಡುತ್ತಿತ್ತು. ಇಬ್ಬರ ನಡುವೆ ಅಕ್ಕ ಕೂತು ಹೊಲಿಯುತ್ತಿದ್ದಳು. ಮೊದಮೊದಲು ನೆಲ ಒದ್ದೆಯಾಗುತ್ತಿತ್ತು, ಆಮೇಲಾಮೇಲೆ ಆಗಲಿಲ್ಲ. ಅವನು ಅಂಗೈಯಲ್ಲಿ ತುತ್ತಿಟ್ಟು ನೆಲಕ್ಕೊರಗಿಸಿ ಕೂತರೆ, ಕೈ ಜೋಮು ಹಿಡಿದರೂ ಅಲುಗಿಸುತ್ತಿರಲಿಲ್ಲ. ಒಂದು ಸಂಜೆ ಗುಂಡಿ ಕುತ್ತಿಗೆ ಉದ್ದ ಮಾಡಿ, ಹಿಂಗಾಲನ್ನು ಓಡಲು ಸಿದ್ಧವಾಗಿಟ್ಟುಕೊಂಡೇ, ಆ ತುತ್ತನ್ನು ಎತ್ತಿಕೊಂಡು ಓಡಿತು. ಇನ್ನೊಂದು ಸಂಜೆ ಓಡಲಿಲ್ಲ. ಮತ್ತೊಂದು ಸಂಜೆ ಅವನ ಮಂಡಿಯನ್ನು, ಅಂಗಿಯ ತೋಳನ್ನು, ಅಂಗೈಯ ಗೆರೆಗಳನ್ನು ಒಂದೊಂದಾಗಿ ಮೂಸಿ, ದೊಡ್ಡದೊಂದು ನಿಟ್ಟುಸಿರು ಬಿಟ್ಟು ಅವನ ತೊಡೆಗೆ ಬೆನ್ನು ಕೊಟ್ಟು ಮಲಗಿತು.

"ಅಕ್ಕಾ" ಎಂದ ಅವನು, ಗೋಡೆಯನ್ನೇ ನೋಡುತ್ತ. "ಈಗ ನೋಡ್ಬೋದಾ?"

"ನೋಡು."

ಅಕ್ಕನ ಸೂಜಿ ತಪ್ಪಿ ಬೆರಳಿಗೆ ಚುಚ್ಚಿತು. ಬೆರಳನ್ನು ಬಾಯಲ್ಲಿಟ್ಟುಕೊಂಡು ಅವಳು ಅಡುಗೆಮನೆಗೆ ಎದ್ದುಹೋದಳು. ಅಲ್ಲಿ ಗಂಡ ಒಲೆಯ ಮುಂದೆ ಸುಮ್ಮನೆ ನಿಂತಿದ್ದ.

"ನಾನೇ ಇಟ್ಕೋತೀನಿ ಅಂದ್ರೆ ಅವನು ಬೇಡ ಅನ್ನಲ್ಲ" ಎಂದ ಮೆಲ್ಲಗೆ.

"ಗೊತ್ತು."

"ಮತ್ತೆ?"

"ಅವನ ಹತ್ರ ಇನ್ನೇನಿದೆ ಹೇಳಿ. ವಾಸನೆಯೂ ಉಳೀಲಿಲ್ಲ."

ಬೀಗದವನು ಹೊರಡುವ ದಿನ ಬಂತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಹತಾರದ ಪೆಟ್ಟಿಗೆ, ಅಷ್ಟನ್ನೂ ಕೈಗಾಡಿಯಲ್ಲಿಟ್ಟುಕೊಂಡು ಬೀದಿಯಲ್ಲಿ ನಿಲ್ಲಿಸಿ ಒಳಗೆ ಬಂದ. ಗಡ್ಡ ತೆಗೆದಿದ್ದ. ಗುಂಡಿ ಬಾಗಿಲ ತನಕ ಓಡಿಹೋಗಿ ಅವನ ಕಾಲು ಸುತ್ತಿ, ಮತ್ತೆ ಓಡಿ ಬಂದು ಅಕ್ಕನ ಪಾದ ಮೂಸಿತು.

"ಹೇಳಿಹೋಗೋಣ ಅಂತ ಬಂದೆ ಅಕ್ಕಾ. ಇದನ್ನ ಕೇಳೋಕೆ ಬಂದಿಲ್ಲ. ನಿಮ್ಮನ್ನ ಹಚ್ಕೊಂಡಿದೆ. ಇಲ್ಲೇ ಇರ್ಲಿ. ಅವಳಿದ್ರೂ ಹಾಗೇ ಅಂತಿದ್ಲು."

ಅಕ್ಕ ಮಿಷನ್ನಿನ ಹತ್ತಿರ ಮಂಡಿಯೂರಿ ಗುಂಡಿಯನ್ನು ಮಡಿಲಿಗೆಳೆದುಕೊಂಡಳು. ಕುತ್ತಿಗೆಪಟ್ಟಿಗೆ ಹಗ್ಗ ಕಟ್ಟಿ, ಪಟ್ಟಿ ಬಿಗಿಯಾಗಿದೆಯೇ ಎಂದು ಬೆರಳು ತೂರಿಸಿ ನೋಡಿದಳು. ಕಿವಿಯ ಹಿಂದೆ ಕೆರೆದಳು. ಆ ಪುಟ್ಟ ಎದೆ ಅವಳ ತೋಳಿನ ಮೇಲೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಬಡಿದುಕೊಳ್ಳುತ್ತಿತ್ತು. ಅವಳು ಅದನ್ನು ಕೇಳಿಸಿಕೊಂಡಳು, ಇನ್ನಷ್ಟು ಹೊತ್ತು ಕೇಳಿಸಿಕೊಂಡಳು.

"ಊಟ ಆದ ಕೂಡ್ಲೇ ಹೊರಗೆ ಕರ್ಕೊಂಡೋಗು" ಎಂದಳು. "ಅವಸರ ಮಾಡ್ಬೇಡ. ಅದು ಮುಗಿಸಿದ ತಕ್ಷಣ ಜಾಣೆ ಅನ್ನು, ಮನೆಗೆ ಬಂದ್ಮೇಲೆ ಹೇಳಿದ್ರೆ ಯಾಕೆ ಅಂತ ಅದಕ್ಕೆ ತಿಳಿಯಲ್ಲ."

"ಅಕ್ಕಾ, ನೀವು..."

ಅವಳು ಎದ್ದು, ಗುಂಡಿಯ ಹಗ್ಗದ ತುದಿಯನ್ನು ಅವನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದಳು.